ಸುಮ್ಮನೆ ತಿರುಗುವ ಚಕ್ರದ ಲೆಕ್ಕ

ಯಲ್ಲಾಪುರದಿಂದ ಇಡಗುಂದಿ ದಾಟಿ ವಜ್ರಳ್ಳಿಗೆ ಬರುವ ರಸ್ತೆಯಿಂದ ಅಡಿಕೆ ತೋಟಗಳಿಗೆ ಕವಲೊಡೆದು ಇಳಿಯುವ ಮಣ್ಣುದಾರಿಗಳು ಮಳೆಗಾಲದಲ್ಲಿ ಯಾವ ವಾಹನವನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಕೆಂಪು ಮಣ್ಣು ನೆನೆದು ರಾಡಿಯಾಗುತ್ತದೆ, ನೀರು ಹರಿದ ಕಡೆ ಕೊರಕಲು ಬೀಳುತ್ತದೆ, ಏರು ಬೇರೆ. ಇಂಥ ದಾರಿಗೆ ಫೋರ್‌ವೀಲ್ ಜೀಪೇ ಮದ್ದು ಎಂಬುದು ಘಟ್ಟದ ಮೇಲಿನವರ ಗಟ್ಟಿ ನಂಬಿಕೆ. ನಂಬಿಕೆ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಫೋರ್‌ವೀಲ್ ಹಾಕಿದ ಮೇಲೂ ಜೀಪು ನಿಂತಲ್ಲೇ ನಿಂತು, ಮುಂದಿನದೊಂದು ಹಿಂದಿನದೊಂದು ಚಕ್ರ ರಾಡಿ ಚಿಮ್ಮಿಸುತ್ತಾ, ಉಳಿದೆರಡು ಅಲುಗದೆ ಇರುವುದುಂಟು. ಆಗ ಎಂಜಿನ್‌ಗೆ ತಾಕತ್ತು ಸಾಲದು ಎಂದು ಬೈಯುವುದು ಅನ್ಯಾಯ. ತಾಕತ್ತು ಇದೆ; ಅದನ್ನು ಹಂಚುವ ಕ್ರಮ ಆ ನೆಲಕ್ಕೆ ಹೊಂದಿಲ್ಲ. ಈ ಹಂಚಿಕೆಯನ್ನು ನೆಲಕ್ಕೆ ತಕ್ಕಂತೆ ಹದಗೊಳಿಸುವ ವಿದ್ಯೆಯನ್ನು ಅತ್ಯಂತ ಸ್ಪಷ್ಟವಾಗಿ ಕಲಿಸುವುದು, ಆಶ್ಚರ್ಯವೆನಿಸಿದರೂ, ರಿಮೋಟ್ ಕಂಟ್ರೋಲಿನಲ್ಲಿ ಓಡುವ ಪುಟ್ಟ ರೇಸಿಂಗ್ ಟ್ರಕ್ಕು.

ಮೊದಲು, ಈ ಹಂಚಿಕೆ ಮಾಡುವ ಡಿಫರೆನ್ಷಿಯಲ್ ಏಕೆ ಬೇಕಾಯಿತೆಂದು ನೋಡೋಣ. ಅರಬೈಲ್ ಘಟ್ಟದ ಒಂದು ತಿರುವಿನಲ್ಲಿ ವಾಹನ ಅರ್ಧ ವೃತ್ತ ಸುತ್ತಿ ಬಂದಿತೆನ್ನಿ. ಎಡ ಬಲ ಚಕ್ರಗಳ ನಡುವೆ 1.4 ಮೀಟರ್ ಅಂತರವಿದ್ದರೆ, ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಸುಮಾರು 4.4 ಮೀಟರ್ ಹೆಚ್ಚು ಉರುಳಿರುತ್ತದೆ. ತಿರುವು ಚಿಕ್ಕದಿರಲಿ, ದೊಡ್ಡದಿರಲಿ, ಅರ್ಧ ವೃತ್ತಕ್ಕೆ ಈ ವ್ಯತ್ಯಾಸ ಅಷ್ಟೇ. ಎರಡೂ ಚಕ್ರಗಳು ಒಂದೇ ಅಚ್ಚಿಗೆ ಬಿಗಿದಿದ್ದರೆ ಈ 4.4 ಮೀಟರನ್ನು ಟಯರು ಉಜ್ಜಿಯೇ ತೀರಿಸಬೇಕು. ಅದನ್ನು ತಪ್ಪಿಸಲು ಫ್ರಾನ್ಸಿನ ಒನೆಸಿಫೋರ್ ಪೆಕರ್ 1827ರಲ್ಲಿ ಉಗಿಬಂಡಿಗಾಗಿ ರೂಪಿಸಿದ ಹಲ್ಲುಚಕ್ರಗಳ ಕೂಟವೇ ಇಂದಿನ ಡಿಫರೆನ್ಷಿಯಲ್ಲಿನ ಮೂಲ. ಎರಡು ಚಕ್ರಗಳೂ ತಮತಮಗೆ ಬೇಕಾದ ವೇಗದಲ್ಲಿ ತಿರುಗಲು ಅದು ಬಿಡುತ್ತದೆ.

ತೊಡಕಿರುವುದು ಈ ಸ್ವಾತಂತ್ರ್ಯದಲ್ಲಿಯೇ. ಸಾದಾ ಡಿಫರೆನ್ಷಿಯಲ್ ಎರಡು ಬದಿಗೂ ಬೇರೆ ಬೇರೆ ವೇಗ ಕೊಡಬಲ್ಲದು, ಬೇರೆ ಬೇರೆ ಬಲ ಕೊಡಲಾರದು. ರಾಡಿಯಲ್ಲಿರುವ ಎಡಚಕ್ರ ಜಾರುವ ಮುನ್ನ 100 ನ್ಯೂಟನ್ ಮೀಟರ್ ತಿರುಗುಬಲವನ್ನಷ್ಟೇ ತಾಳುತ್ತದೆ ಎಂದಾದರೆ, ಗಟ್ಟಿ ಕಲ್ಲಿನ ಮೇಲೆ ನಿಂತು 800 ತಾಳಬಲ್ಲ ಬಲಚಕ್ರಕ್ಕೂ ಸಿಗುವುದು ಆ 100 ಮಾತ್ರ. ಎಂಜಿನ್ ಎಷ್ಟೇ ಕೂಗಿದರೂ ಆ ಅಚ್ಚಿನ ಒಟ್ಟು ಎಳೆತ 200 ದಾಟದು. ಫೋರ್‌ವೀಲ್ ಲಿವರ್ ಹಾಕಿದಾಗ ಬಿಗಿಯಾಗುವುದು ಮುಂದಿನ ಮತ್ತು ಹಿಂದಿನ ಅಚ್ಚಿಗೆ ಹೋಗುವ ಶಾಫ್ಟುಗಳ ನಡುವಿನ ಸಂಬಂಧ. ಅಚ್ಚಿನೊಳಗಿನ ಎಡ ಬಲಗಳ ಸಂಬಂಧ ಸಡಿಲವಾಗಿಯೇ ಉಳಿಯುತ್ತದೆ. ಕೊರಕಲಿಗೆ ಓರೆಯಾಗಿ ಇಳಿದ ಜೀಪಿನಲ್ಲಿ ಮುಂದಿನ ಎಡ ಮತ್ತು ಹಿಂದಿನ ಬಲ ಚಕ್ರಗಳು ಹಗುರಾಗಿ ನೆಲ ಬಿಟ್ಟರೆ ಎರಡು ಅಚ್ಚುಗಳೂ ಒಮ್ಮೆಗೇ ಸೋಲುತ್ತವೆ.

ರೇಸಿಂಗ್ ಟ್ರಕ್ಕಿಗೆ ಬರೋಣ. ನಿಜವಾಹನದ ಎಂಟನೇ ಒಂದು ಅಳತೆಯ ಈ ಫೋರ್‌ವೀಲ್ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ ಮೂರು ಡಿಫರೆನ್ಷಿಯಲ್‌ಗಳಿರುತ್ತವೆ: ಮುಂದೆ, ಹಿಂದೆ, ಅವೆರಡರ ನಡುವೆ ಒಂದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಈ ಡಬ್ಬಿಗಳೊಳಗೆ ಸಿಲಿಕೋನ್ ಎಣ್ಣೆ ತುಂಬುತ್ತಾರೆ. ಎಣ್ಣೆಯ ಮಂದತ್ವವನ್ನು ಸೆಂಟಿಸ್ಟೋಕ್ಸ್‌ನಲ್ಲಿ ಅಳೆಯುವುದು. ನೀರಿನದು ಸುಮಾರು 1, ಈ ಎಣ್ಣೆಗಳದು ಸಾವಿರಗಳಲ್ಲಿ. ಕೆಲವು ಜೇನುತುಪ್ಪದಂತೆ ನಿಧಾನಕ್ಕೆ ಇಳಿಯುತ್ತವೆ, ಇನ್ನು ಕೆಲವು ಅಂಟಿನಂತೆ ಅಲುಗುವುದೇ ಇಲ್ಲ. ಎಣ್ಣೆ ಮಂದವಾದಷ್ಟೂ ಒಳಗಿನ ಹಲ್ಲುಚಕ್ರಗಳು ಒಂದಕ್ಕೊಂದು ಬೇರೆ ವೇಗದಲ್ಲಿ ತಿರುಗುವುದು ಕಷ್ಟ. ಅಂದರೆ ಒಂದು ಚಕ್ರ ಸುಮ್ಮನೆ ತಿರುಗತೊಡಗಿದರೆ ಎಣ್ಣೆಯ ತಡೆಯೇ ಒಂದಿಷ್ಟು ಬಲವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಮುಂದೆ 5,000, ನಡುವೆ 7,000, ಹಿಂದೆ 3,000 ಎಂಬಂಥ ಜೋಡಣೆಯಿಂದ ಶುರುಮಾಡಿ, ಅಂಕಣದ ಮಣ್ಣು ನೋಡಿ ಬದಲಿಸುತ್ತಾ ಹೋಗುತ್ತಾರೆ. ನಡುವಿನ ಎಣ್ಣೆ ತೆಳುವಾಗಿದ್ದರೆ, ವೇಗ ಕೊಟ್ಟೊಡನೆ ಭಾರ ಹಿಂದಕ್ಕೆ ಸರಿದು ಹಗುರಾದ ಮುಂದಿನ ಚಕ್ರಗಳಲ್ಲಿ ಶಕ್ತಿ ಸೋರಿಹೋಗುತ್ತದೆ; ಟ್ರಕ್ಕು ಚಿಮ್ಮುವುದಿಲ್ಲ, ಆದರೆ ಜಾರುನೆಲದಲ್ಲಿ ಸೌಮ್ಯವಾಗಿ ವರ್ತಿಸುತ್ತದೆ. ಮಂದವಾಗಿದ್ದರೆ ನಾಲ್ಕೂ ಚಕ್ರ ಒಟ್ಟಿಗೆ ಎಳೆಯುತ್ತವೆ, ಉಬ್ಬುತಗ್ಗುಗಳಲ್ಲಿ ಮಾತ್ರ ಒರಟಾಗುತ್ತದೆ. ಮುಂದಿನದು ಮಂದವಾದರೆ ತಿರುವಿನಿಂದ ಹೊರಬರುವಾಗ ಟ್ರಕ್ಕನ್ನು ಬಲವಾಗಿ ಎಳೆಯುತ್ತದೆ. ತಿರುವಿಗೆ ಹೊಗುವಾಗ ಮಾತ್ರ ಮೂತಿ ತಿರುಗಿಸಲು ಒಲ್ಲದು. ಹಿಂದಿನದು ಮಂದವಾದರೆ ವೇಗ ಕೊಡುವಾಗ ಬಾಲ ಹೊರಳುತ್ತದೆ. ಬಿಸಿಯಾದಂತೆ ಈ ಎಣ್ಣೆಯೂ ತೆಳುವಾಗುವುದರಿಂದ, ಬೆಳಿಗ್ಗೆ ಸರಿಯಾಗಿದ್ದ ಹದ ಮಧ್ಯಾಹ್ನಕ್ಕೆ ತಪ್ಪಬಹುದು.

ಇದರಿಂದ ಒಂದು ಮಾತು ಸ್ಪಷ್ಟ: ಎಳೆತವನ್ನು ಕೊಳ್ಳುವುದಾದರೆ ತಿರುಗುವ ಸಲೀಸನ್ನು ಬೆಲೆಯಾಗಿ ತೆರಬೇಕು. ಎಲ್ಲ ನೆಲಕ್ಕೂ ಒಪ್ಪುವ ಒಂದೇ ಹದ ಇಲ್ಲ. ಜೀಪಿನ ಫೋರ್‌ವೀಲ್ ಲಿವರ್ ಎಂದರೆ ನಡುವಿನ ಡಬ್ಬಿಗೆ ಎಂದೂ ಕರಗದಷ್ಟು ಮಂದ ಎಣ್ಣೆ ತುಂಬಿದಂತೆಯೇ. ಅದಕ್ಕೇ ಟಾರಿನ ಮೇಲೆ ಫೋರ್‌ವೀಲ್ ಹಾಕಿ ತಿರುವು ಹೊಡೆದರೆ ಸ್ಟೇರಿಂಗ್ ಬಿಗಿಯುತ್ತದೆ, ಶಾಫ್ಟು ಮತ್ತು ಗೇರುಗಳಲ್ಲಿ ತಿರುಚು ಸೇರಿಕೊಳ್ಳುತ್ತದೆ. ರಾಡಿಯಲ್ಲಿ ಚಕ್ರ ತುಸು ಜಾರಿ ಆ ತಿರುಚನ್ನು ಬಿಟ್ಟುಕೊಡುತ್ತದೆ. ಟಾರಿನಲ್ಲಿ ಅದಕ್ಕೆ ದಾರಿಯಿಲ್ಲ.

ಹಾಗಿದ್ದರೆ ಮಣ್ಣುದಾರಿಯಲ್ಲಾದರೂ ಹಿಂದಿನ ಅಚ್ಚನ್ನು, ಎರಡೂ ಚಕ್ರಗಳು ಒಟ್ಟಿಗೇ ತಿರುಗುವಂತೆ, ಸದಾ ಲಾಕ್ ಮಾಡಿಡಬಹುದಲ್ಲ ಎಂದು ಕೇಳುವವರಿದ್ದಾರೆ. ನೇರ ಏರಿನಲ್ಲಿ ಅವರ ಮಾತು ಸರಿ. ಆದರೆ ನಮ್ಮ ತೋಟದ ದಾರಿಗಳು ಒಂದು ಬದಿಗೆ ಧರೆ, ಇನ್ನೊಂದು ಬದಿಗೆ ಇಳಿಜಾರು ಇಟ್ಟುಕೊಂಡು ವಾಲಿರುತ್ತವೆ. ಲಾಕ್ ಆದ ಅಚ್ಚಿನ ಎರಡೂ ಚಕ್ರಗಳು ಒಟ್ಟಿಗೆ ಜಾರತೊಡಗಿದರೆ ಪಕ್ಕಕ್ಕೆ ಹಿಡಿದು ನಿಲ್ಲಿಸುವ ಚಕ್ರವೇ ಇರುವುದಿಲ್ಲ, ಹಿಂಭಾಗ ಇಳಿಜಾರಿನತ್ತ ಸರಿಯುತ್ತದೆ. ಸಾದಾ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಜಾರಿದರೂ ಇನ್ನೊಂದು ನೆಲ ಕಚ್ಚಿರುತ್ತದೆ. ಆದ್ದರಿಂದ ಬೇಕಾದಾಗ ಹಿಡಿದು ಬೇಡವಾದಾಗ ಬಿಡುವ ವ್ಯವಸ್ಥೆಯೇ ಇಲ್ಲಿಗೆ ಲೇಸು. ಮಹೀಂದ್ರ ಥಾರ್‌ಗೆ 2015ರಲ್ಲಿ ಬಂದ ಹಿಂದಿನ ಅಚ್ಚಿನ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಈ ಬಗೆಯದು: ಎರಡು ಚಕ್ರಗಳ ವೇಗದಲ್ಲಿ ದೊಡ್ಡ ಅಂತರ ಬಂದಾಗ ತಾನೇ ಬಿಗಿಯುತ್ತದೆ.

ಟಯರು ಒಳ್ಳೆಯದಿದ್ದರೆ ಇವೆಲ್ಲ ಏಕೆ ಎಂಬ ಆಕ್ಷೇಪಕ್ಕೆ ತೂಕವಿದೆ. ಡಿಫರೆನ್ಷಿಯಲ್ ಇರುವ ಹಿಡಿತವನ್ನು ಹಂಚಬಲ್ಲದು, ಇಲ್ಲದ ಹಿಡಿತವನ್ನು ಹುಟ್ಟಿಸಲಾರದು. ಸವೆದ ಟಯರಿನ ಜೀಪಿಗೆ ಲಾಕ್ ಹಾಕಿಸುವುದು ದುಡ್ಡು ದಂಡ. ಮೊದಲ ಖರ್ಚು ಟಯರಿಗೇ ಆಗಬೇಕು. ಆದರೆ ಕೊರಕಲಿನಲ್ಲಿ ಗಾಳಿಗೆ ಎದ್ದ ಚಕ್ರಕ್ಕೆ ಎಂಥ ಟಯರು ಹಾಕಿದರೇನು? ಹಳೆಯ ಜೀಪುಗಳು ಸಾದಾ ಡಿಫರೆನ್ಷಿಯಲ್‌ನಲ್ಲೇ ದಶಕಗಳ ಕಾಲ ಓಡಲಿಲ್ಲವೇ ಎಂದರೆ, ಓಡಿದವು, ಚಾಲಕರ ಜಾಣ್ಮೆಯಿಂದ. ಗಾಡಿ ಕಂತಿದಾಗ ಆಕ್ಸಿಲರೇಟರ್ ಒತ್ತಿಕೊಂಡೇ ಬ್ರೇಕನ್ನು ಹಗುರಾಗಿ ಮೆಟ್ಟುವ ಉಪಾಯ ಒಂದಿದೆ. ಜಾರುವ ಚಕ್ರಕ್ಕೆ ತಡೆ ಸಿಕ್ಕಷ್ಟು ಬಲ ಇನ್ನೊಂದಕ್ಕೂ ಏರುತ್ತದೆ ಎಂಬುದು ಅದರ ಲೆಕ್ಕ; ಆ ಇನ್ನೊಂದಕ್ಕೂ ಬ್ರೇಕು ಹಿಡಿಯುವುದರಿಂದ ಲಾಭ ಅಲ್ಪ. 2023ರಲ್ಲಿ ಬಂದ ಮಾರುತಿ ಜಿಮ್ನಿಯಂಥ ವಾಹನಗಳಲ್ಲಿ ಕಂಪ್ಯೂಟರು ಮಾಡುವುದೂ ಇದನ್ನೇ, ಜಾರುವ ಚಕ್ರವೊಂದಕ್ಕೆ ಮಾತ್ರ ಬ್ರೇಕು ಹಿಡಿದು ಇನ್ನೂ ಚೊಕ್ಕವಾಗಿ. ಎಲೆಕ್ಟ್ರಾನಿಕ್ಸ್ ಸಾಕು ಎನ್ನುವವರ ವಾದಕ್ಕೆ ಇಷ್ಟು ಆಧಾರವಿದೆ. ಆದರೆ ಚಕ್ರ ಜಾರಿದ ಮೇಲಷ್ಟೇ ಅದು ಎಚ್ಚರಗೊಳ್ಳುತ್ತದೆ, ಉದ್ದದ ಏರಿನಲ್ಲಿ ಎಂಜಿನ್ನಿನ ಶಕ್ತಿಯ ಒಂದು ಪಾಲು ಬ್ರೇಕಿನ ಬಿಸಿಯಾಗಿ ಹೋಗುತ್ತದೆ.

ವಾಹನ ಕೊಳ್ಳುವಾಗ ಯಾರೂ ಕೇಳದ ಇನ್ನೊಂದು ಸಂಗತಿ ದಾರಿಯದ್ದು. ಒಂದೇ ಕಡೆ ಗರಗರ ತಿರುಗುವ ಚಕ್ರ ಗುಂಡಿ ತೋಡುತ್ತದೆ, ಮುಂದಿನ ಮಳೆ ಅದನ್ನೇ ಕಾಲುವೆ ಮಾಡಿಕೊಂಡು ಹರಿಯುತ್ತದೆ. 2021ರ ಜುಲೈ ಮಳೆಗೆ ವಜ್ರಳ್ಳಿ ಸಮೀಪದ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ರಸ್ತೆಗಳು ಹೋದದ್ದನ್ನು ಕಂಡ ಈ ಸೀಮೆಯಲ್ಲಿ ನೀರು ಹರಿಯುವ ದಿಕ್ಕು ಸಣ್ಣ ವಿಷಯವಲ್ಲ. ಗುಡ್ಡ ಜಾರಲು ಜೀಪಿನ ಚಕ್ರ ಕಾರಣವೆಂದು ಯಾರೂ ಹೇಳಲಾರರು. ಆದರೆ ಊರವರೇ ಕಲ್ಲು ಮಣ್ಣು ಹಾಕಿ ಸರಿಮಾಡಿಕೊಂಡ ದಾರಿಯನ್ನು ಲೋ ಗೇರಿನಲ್ಲಿ, ನಾಲ್ಕೂ ಚಕ್ರ ಉರುಳುತ್ತಾ, ಒಂದೂ ಕೆರೆಯದೆ ಹತ್ತುವ ವಾಹನ ಮರುದಿನ ಬರುವವರಿಗೂ ದಾರಿಯನ್ನು ಉಳಿಸಿರುತ್ತದೆ.