ಫ್ಯಾಂಟಸಿ ಸೈಕ್ಲಿಂಗ್: ದೊಡ್ಡ ಹೆಸರುಗಳನ್ನು ಆರಿಸಿದರೆ ಗೆಲುವು ಖಚಿತವೇ?

ಟೂರ್ ಡಿ ಫ್ರಾನ್ಸ್ ಬಂತೆಂದರೆ ಯುರೋಪಿನಲ್ಲಿ ಗೆಳೆಯರ ಗುಂಪುಗಳು ಕಾಲ್ಪನಿಕ ತಂಡ ಕಟ್ಟಿ, ನಿಜವಾದ ರೇಸಿನ ಫಲಿತಾಂಶದಿಂದ ಅಂಕ ಎಣಿಸುತ್ತವೆ. ಹಣದ ಪಣ ಇಲ್ಲದಿದ್ದರೂ ಸೋತವರಿಗೆ ಮೂರು ವಾರ ಗೇಲಿ ತಪ್ಪಿದ್ದಲ್ಲ.

“ಪೊಗಾಚರ್ ಇದ್ದರೆ ಸಾಕು” ಎನ್ನುವುದು ಹೊಸಬರ ನಂಬಿಕೆ. ಸಾಕಾಗುವುದಿಲ್ಲ. ಬಹುತೇಕ ಲೀಗುಗಳಲ್ಲಿ ಪ್ರತಿ ಸವಾರನಿಗೂ ಬೆಲೆಯಿದೆ, ನಿಮ್ಮ ಬಜೆಟ್ಟಿಗೆ ಮಿತಿಯೂ ಇದೆ. ಇನ್ನೊಂದು ಕಾರಣ ಗಾಳಿ! ಸಮತಟ್ಟು ರಸ್ತೆಯಲ್ಲಿ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳಲಿಕ್ಕೇ ಖರ್ಚಾಗುತ್ತದೆ. ಬೇರೆಯವರ ಬೆನ್ನಿಗೆ ಅಂಟಿಕೊಂಡು ಬರುವವನಿಗೆ ಆ ಶ್ರಮ ಉಳಿಯುತ್ತದೆ. ಹಾಗಾಗಿ ಇಡೀ ಗುಂಪು ಕೊನೆಯವರೆಗೂ ಒಟ್ಟಿಗೇ ಬಂದು, ಕಡೆಯ ಕೆಲವು ನೂರು ಮೀಟರುಗಳಲ್ಲಿ ಸ್ಪ್ರಿಂಟರುಗಳು ಮುನ್ನುಗ್ಗುತ್ತಾರೆ. ಕಡಿದಾದ ಏರಿನಲ್ಲಿ ವೇಗ ತಗ್ಗುವುದರಿಂದ ಗಾಳಿಯ ಕಾಟ ಕಡಿಮೆ. ಅಲ್ಲಿ ಎದುರಾಳಿ ಗುರುತ್ವ, ಹಗುರ ಮೈಯವರಿಗೆ ಲಾಭ.

2024ರಲ್ಲಿ ಒಟ್ಟಾರೆ ಗೆದ್ದವರು ಪೊಗಾಚರ್ ಅವರೇ. ಆದರೆ ಮೂರು ಹಂತ ಗೆದ್ದು, ಅಂಕಗಳ ಹಸಿರು ಜೆರ್ಸಿ ತೊಟ್ಟವರು ಎರಿಟ್ರಿಯಾದ ಬಿನಿಯಮ್ ಗಿರ್ಮಾಯ್.

ಇನ್ನು ಅದೃಷ್ಟ? 2023ರ 8ನೇ ಹಂತದಲ್ಲಿ ಮಾರ್ಕ್ ಕ್ಯಾವೆಂಡಿಶ್ ಬಿದ್ದು ಕೊರಳೆಲುಬು ಮುರಿದುಕೊಂಡರು. ಆಟಗಾರರನ್ನು ಬದಲಿಸಲಾಗದ ಲೀಗಿನಲ್ಲಿ ಅವರನ್ನು ನೆಚ್ಚಿದ್ದವರಿಗೆ ಮುಂದಿನ 13 ಹಂತಗಳಲ್ಲೂ ಅವರಿಂದ ಸೊನ್ನೆ.