ಬರದ ನಾಡಿನಲ್ಲಿ ಹುಟ್ಟಿದ ರುಚಿ: ಚೀನಾದ ಪಿಂಗ್ಯಾವೊ ತಿನಿಸುಗಳ ಹಿನ್ನೆಲೆ

ಚೀನೀಯರ ಊಟವೆಂದರೆ ಅನ್ನ ಎಂಬುದು ಸಾಮಾನ್ಯ ಗ್ರಹಿಕೆ. ದಕ್ಷಿಣ ಚೀನಾದ ಮಟ್ಟಿಗೆ ಅದು ನಿಜವೂ ಹೌದು. ಆದರೆ ಉತ್ತರದ ಶಾನ್ಶಿ ಪ್ರಾಂತ್ಯದ ಪಿಂಗ್ಯಾವೊ ಕೌಂಟಿಯಲ್ಲಿ ತಟ್ಟೆಯ ಸ್ವರೂಪವನ್ನು ನಿರ್ಧರಿಸುತ್ತ ಬಂದಿರುವುದು ಅಕ್ಕಿಯಲ್ಲ. ಜೋಳ, ನವಣೆ, ಓಟ್ಸ್, ಗೋಧಿ ಮತ್ತು ಜೋಳದಿಂದಲೇ ತಯಾರಾಗುವ ಕಪ್ಪು ವಿನಿಗರ್. ಇಂದು ಪ್ರವಾಸಿಗರು ಹಣ ಕೊಟ್ಟು ಸವಿಯುವ ಇಲ್ಲಿನ ಹಲವು ತಿನಿಸುಗಳು, ಒಂದು ಕಾಲದಲ್ಲಿ ಕೊರತೆಯನ್ನು ನಿಭಾಯಿಸಲು ಜನ ಕಂಡುಕೊಂಡ ಉಪಾಯಗಳು.

ಪ್ರಾಂತ್ಯದ ರಾಜಧಾನಿ ತೈಯುವಾನ್‌ನಿಂದ ನೈರುತ್ಯಕ್ಕೆ ಸುಮಾರು 90 ಕಿ.ಮೀ. ದೂರದಲ್ಲಿ, ಫೆನ್ ನದಿಯ ಕಣಿವೆಯಲ್ಲಿ ಪಿಂಗ್ಯಾವೊ ಇದೆ. ಸುಮಾರು ಆರು ಕಿ.ಮೀ. ಸುತ್ತಳತೆಯ ಮಿಂಗ್ ಕಾಲದ ಕೋಟೆಗೋಡೆ ಇಂದಿಗೂ ಊರನ್ನು ಸುತ್ತುವರಿದಿದೆ. 1997ರಲ್ಲಿ ಯುನೆಸ್ಕೊ ಈ ಹಳೆಯ ಪಟ್ಟಣವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಹುಂಡಿ ವ್ಯವಹಾರ ನಡೆಸಿ ದೇಶದಾದ್ಯಂತ ಶಾಖೆಗಳನ್ನು ತೆರೆದ ರಿಶೆಂಗ್‌ಚಾಂಗ್ ಕೋಠಿ ಹುಟ್ಟಿದ್ದೂ ಇಲ್ಲಿಯೇ.

ಆದರೆ ಸಾಹುಕಾರರ ಊರೆಂದ ಮಾತ್ರಕ್ಕೆ ಸುತ್ತಲಿನ ನೆಲ ಸಮೃದ್ಧವಾಗಿರಲಿಲ್ಲ. ಶಾನ್ಶಿಯಲ್ಲಿ ಬೀಳುವ ಮಳೆಯೇ ಕಡಿಮೆ. ಅದರಲ್ಲಿ ಬಹುಪಾಲು ಬೇಸಿಗೆಯ ಕೆಲವೇ ವಾರಗಳಿಗೆ ಸೀಮಿತ. 1876ರಿಂದ 1879ರವರೆಗೆ ಉತ್ತರ ಚೀನಾವನ್ನು ಕಾಡಿದ ಬರದಲ್ಲಿ ಸುಮಾರು ಒಂದು ಕೋಟಿ ಜನ ಮಡಿದರೆಂಬ ಅಂದಾಜಿದೆ. ಅತಿ ಹೆಚ್ಚು ನಲುಗಿದ್ದು ಶಾನ್ಶಿ. ಮೈಸೂರು ಸಂಸ್ಥಾನ ಧಾತು, ಈಶ್ವರ ಸಂವತ್ಸರಗಳ ಕ್ಷಾಮಕ್ಕೆ ತುತ್ತಾಗಿದ್ದೂ ಇದೇ ವರ್ಷಗಳಲ್ಲಿ. ಎರಡೂ ಕಡೆ ಮಳೆ ಕೈಕೊಡಲು ಪೆಸಿಫಿಕ್ ಸಾಗರದ ಎಲ್ ನಿನೊ ಪ್ರಭಾವವೇ ಮುಖ್ಯ ಕಾರಣವೆಂದು ಹವಾಮಾನ ತಜ್ಞರು ಗುರುತಿಸಿದ್ದಾರೆ.

ಜಿಗಿಯಿಲ್ಲದ ಹಿಟ್ಟಿಗೆ ಜಾಣ ಉಪಾಯ

ಬರ ತಡೆಯುವ ಧಾನ್ಯಗಳಿಗೆ ಒಂದು ಸಮಾನ ದೌರ್ಬಲ್ಯವಿದೆ. ಗೋಧಿಹಿಟ್ಟಿಗಿರುವ ಜಿಗಿ ಅವುಗಳ ಹಿಟ್ಟಿಗಿಲ್ಲ. ನಾದಿದರೆ ಕೂಡಿಕೊಳ್ಳುವುದಿಲ್ಲ, ಎಳೆದರೆ ತುಂಡಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ರೊಟ್ಟಿ ಬಡಿಯುವುದು ಇದೇ ಕಾರಣಕ್ಕೆ. ಶಾನ್ಶಿಯ ಗೃಹಿಣಿಯರೂ ಕಂಡುಕೊಂಡಿದ್ದು ಬಹುಮಟ್ಟಿಗೆ ಇದೇ ದಾರಿಯನ್ನು.

ಇದಕ್ಕೆ ಉತ್ತಮ ನಿದರ್ಶನ ಕಾವ್‌ಲಾವ್‌ಲಾವ್. ಪ್ರಾಂತ್ಯದ ತಂಪಾದ ಎತ್ತರದ ಪ್ರದೇಶಗಳಲ್ಲಿ ಬೆಳೆಯುವ ಸಿಪ್ಪೆಯಿಲ್ಲದ ಓಟ್ಸ್‌ನಿಂದ ಇದನ್ನು ಮಾಡುತ್ತಾರೆ. ಧಾನ್ಯವನ್ನು ಮೊದಲು ಹುರಿದು ಬೀಸಬೇಕು. ಹಿಟ್ಟನ್ನು ಕುದಿನೀರಿನಲ್ಲಿ ಕಲಸಬೇಕು. ಕೊನೆಗೆ ಹಬೆಯಲ್ಲಿ ಬೇಯಿಸಬೇಕು. ಹೀಗೆ ಮೂರು ಬಾರಿ ಶಾಖ ಕಂಡರೆ ಮಾತ್ರ ಓಟ್ಸ್ ಹೊಟ್ಟೆಗೆ ಹಿತವೆಂಬುದು ಅಲ್ಲಿನ ನಂಬಿಕೆ. ಹಿಟ್ಟಿನ ಚಿಕ್ಕ ಉಂಡೆಯನ್ನು ನುಣುಪಾದ ಕಲ್ಲಿನ ಮೇಲೆ ಅಂಗೈಯಿಂದ ಒತ್ತಿ ತೆಳುವಾಗಿಸಿ, ಸುಲಿದು, ಬೆರಳಿಗೆ ಸುತ್ತಿ ಕೊಳವೆಯಾಗಿಸುತ್ತಾರೆ. ಕೊಳವೆಗಳನ್ನು ಹಬೆಯ ಪಾತ್ರೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದಾಗ ಜೇನುಹುಟ್ಟಿನಂತೆ ಕಾಣುತ್ತದೆ. ಕುರಿಮಾಂಸದ ಸಾರು ಅಥವಾ ಟೊಮ್ಯಾಟೊ ಗೊಜ್ಜಿನಲ್ಲಿ ಅದ್ದಿ ತಿನ್ನುವುದು ವಾಡಿಕೆ.

ಜೋಳದ ಹಿಟ್ಟನ್ನು ಅದರ ಬಣ್ಣದಿಂದಾಗಿ ‘ಕೆಂಪು ಹಿಟ್ಟು’ ಎನ್ನುತ್ತಾರೆ. ಇದನ್ನು ತುರಿಮಣೆಯಂತಹ ಸಲಕರಣೆಯ ಮೇಲೆ ಉಜ್ಜಿ ನೇರವಾಗಿ ಕುದಿನೀರಿಗೆ ಬೀಳಿಸುವುದು ಒಂದು ಕ್ರಮ. ಕೆಂಪು ಹಿಟ್ಟಿನ ಮುದ್ದೆಯನ್ನು ಗೋಧಿಹಿಟ್ಟಿನ ತೆಳು ಹಾಳೆಯಲ್ಲಿ ಮುಚ್ಚಿ, ಲಟ್ಟಿಸಿ, ಕತ್ತರಿಸುವುದು ಇನ್ನೊಂದು ಕ್ರಮ. ಹೊರಗೆ ಬಿಳಿ, ಒಳಗೆ ಕೆಂಪು. ಗೋಧಿ ದುಬಾರಿಯಾಗಿದ್ದ ಕಾಲದಲ್ಲಿ ಅದನ್ನು ಎಷ್ಟು ಎಚ್ಚರದಿಂದ ಬಳಸುತ್ತಿದ್ದರು ಎಂಬುದಕ್ಕೆ ಈ ನೂಡಲ್ಸ್ ಸಾಕ್ಷಿ. ನಮ್ಮ ಶಾವಿಗೆ ಒರಳನ್ನು ಹೋಲುವ ಮರದ ಸಾಧನದಿಂದ ಕುದಿಯುವ ಪಾತ್ರೆಗೆ ನೇರವಾಗಿ ಒತ್ತುವ ಹೆಲಾವ್, ಹೆಬ್ಬೆರಳಿನಿಂದ ಒತ್ತಿ ಮಡಿಸುವ ‘ಬೆಕ್ಕಿನ ಕಿವಿ’ ಇವೂ ಜನಪ್ರಿಯ. ಇವುಗಳ ಜೊತೆಗೆ ನವಣೆಯ ಗಂಜಿ ಇದ್ದೇ ಇರುತ್ತದೆ.

ಬಟ್ಟಲಿನ ತಿನಿಸು, ಜೋಳದ ಹುಳಿ

ಪಿಂಗ್ಯಾವೊದ ಬೀದಿಬದಿಯಲ್ಲಿ ಹೆಚ್ಚು ಮಾರಾಟವಾಗುವ ತಿಂಡಿಗಳಲ್ಲೊಂದು ವಾನ್‌ತುವೊ. ‘ವಾನ್’ ಎಂದರೆ ಬಟ್ಟಲು. ಗೋಧಿಹಿಟ್ಟನ್ನು ಉಪ್ಪು, ಎಣ್ಣೆ ಮತ್ತು ಮಸಾಲೆಯೊಂದಿಗೆ ತೆಳ್ಳಗೆ ಕದಡಿ, ಚಿಕ್ಕ ತಟ್ಟೆಗಳಿಗೆ ಸುರಿದು ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಅದು ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಉದ್ದುದ್ದ ಹೆಚ್ಚಿ, ಬೆಳ್ಳುಳ್ಳಿ, ಖಾರ, ವಿನಿಗರ್ ಬೆರೆಸಿ ತಣ್ಣಗೆ ತಿನ್ನುತ್ತಾರೆ. ಚಳಿಗಾಲದಲ್ಲಿ ತರಕಾರಿಯೊಡನೆ ಬಾಣಲೆಯಲ್ಲಿ ಹುರಿಯುತ್ತಾರೆ.

ಈ ಎಲ್ಲ ತಿನಿಸುಗಳನ್ನು ಬೆಸೆಯುವುದು ವಿನಿಗರ್. ಪಿಂಗ್ಯಾವೊ ಮತ್ತು ತೈಯುವಾನ್ ನಡುವಿನ ಚಿಂಗ್‌ಷು ಇದರ ತಯಾರಿಕೆಗೆ ಹೆಸರುವಾಸಿ. ಬೇಯಿಸಿದ ಜೋಳವನ್ನು ಬಾರ್ಲಿ ಮತ್ತು ಬಟಾಣಿಯಿಂದ ಮಾಡಿದ ಹೆಪ್ಪಿನೊಂದಿಗೆ ಹುದುಗಿಸಿ, ತವುಡು ಬೆರೆಸಿ, ಒಂದು ಭಾಗವನ್ನು ಕಾಯಿಸಿ ಕಪ್ಪಾಗಿಸಿ, ನಂತರ ರಸ ಇಳಿಸುತ್ತಾರೆ. ಆ ರಸವನ್ನು ಜಾಡಿಗಳಲ್ಲಿ ಬೇಸಿಗೆಯ ಬಿಸಿಲಿಗಿಟ್ಟು, ಚಳಿಗಾಲದಲ್ಲಿ ಮೇಲೆ ಕಟ್ಟುವ ಮಂಜುಗಡ್ಡೆಯನ್ನು ತೆಗೆದುಹಾಕುತ್ತಾರೆ. ನೀರಿನಂಶ ಕಡಿಮೆಯಾದಂತೆ ಹುಳಿ ಗಾಢವಾಗುತ್ತದೆ. ಒರಟು ಧಾನ್ಯದ ಊಟ ಜೀರ್ಣವಾಗಲು, ಗಡಸು ನೀರಿನ ದೋಷ ನೀಗಲು ಹುಳಿ ಬೇಕೆಂಬುದು ಸ್ಥಳೀಯರ ವಿವರಣೆ. ಶಾನ್ಶಿಯ ಸೈನಿಕ ಬಂದೂಕನ್ನಾದರೂ ಒಪ್ಪಿಸುತ್ತಾನೆ, ವಿನಿಗರ್ ಬುರುಡೆಯನ್ನು ಮಾತ್ರ ಬಿಟ್ಟುಕೊಡುವುದಿಲ್ಲ ಎಂಬ ಹಾಸ್ಯವೂ ಚೀನಾದಲ್ಲಿ ಪ್ರಚಲಿತದಲ್ಲಿದೆ.

ದೂರ ಪಯಣಿಸಿದ ಮಾಂಸ

ಊರಿನ ಹೆಸರನ್ನು ದೇಶಕ್ಕೆ ಪರಿಚಯಿಸಿದ ಖಾದ್ಯವೆಂದರೆ ಉಪ್ಪಿನಲ್ಲಿ ಹದಗೊಳಿಸಿದ ದನದ ಮಾಂಸ. ಉಳುವ ದನಗಳ ವಧೆಗೆ ಚೀನಾದ ಹಲವು ರಾಜಮನೆತನಗಳು ನಿರ್ಬಂಧ ಹೇರಿದ್ದ ಕಾರಣ ಇದು ಎಂದೂ ದಿನನಿತ್ಯದ ಆಹಾರವಾಗಿರಲಿಲ್ಲ. ದೊಡ್ಡ ತುಂಡುಗಳಿಗೆ ಸೀಳು ಹಾಕಿ, ಉಪ್ಪು ಸವರಿ, ಜಾಡಿಗಳಲ್ಲಿ ಇಡುತ್ತಾರೆ. ಹದಗೊಳ್ಳಲು ಬೇಸಿಗೆಯಲ್ಲಿ ಕೆಲವು ದಿನ, ಚಳಿಗಾಲದಲ್ಲಿ ಹಲವು ವಾರ ಬೇಕು. ನಂತರ ಸಣ್ಣ ಉರಿಯಲ್ಲಿ ಹಲವು ಗಂಟೆ ಬೇಯಿಸುತ್ತಾರೆ. ಸೋಯಾ ಸಾಸ್ ಆಗಲಿ ಬಣ್ಣವಾಗಲಿ ಬಳಸುವ ಪದ್ಧತಿಯಿಲ್ಲ. ಊರಿನ ಬಾವಿಗಳ ಉಪ್ಪುಮಿಶ್ರಿತ ನೀರೇ ರುಚಿಯ ಗುಟ್ಟು ಎನ್ನುತ್ತಾರೆ ಹಳಬರು. ಕೆಡದೆ ಉಳಿಯುವ ಈ ಮಾಂಸ ದೂರದ ಪಯಣಕ್ಕೂ ಒದಗುತ್ತಿತ್ತು. ಪಿಂಗ್ಯಾವೊದಲ್ಲಿ ಜನಿಸಿದ ಖ್ಯಾತ ಗಾಯಕಿ ಗುವೊ ಲಾನ್‌ಯಿಂಗ್ ಹಾಡಿದ, ಪ್ರಾಂತ್ಯದ ಉತ್ಪನ್ನಗಳನ್ನು ಕೊಂಡಾಡುವ ಗೀತೆಯೊಂದು ಇದರ ಹೆಸರನ್ನು ಮನೆಮಾತಾಗಿಸಿತು. 2008ರಲ್ಲಿ ಈ ತಯಾರಿಕಾ ವಿಧಾನ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು.

ಬಡವರ ಧಾನ್ಯ, ಪ್ರವಾಸಿಗರ ಭಕ್ಷ್ಯ

ಚೀನಾದಲ್ಲಿ 1955ರಲ್ಲಿ ಆರಂಭವಾದ ಧಾನ್ಯ ಕೂಪನ್ ವ್ಯವಸ್ಥೆ 1993ರಲ್ಲಿ ಕೊನೆಗೊಂಡಿತು. ಅಲ್ಲಿಯವರೆಗೆ ನಗರವಾಸಿಗಳ ಪಡಿತರದಲ್ಲಿಯೂ ಒರಟು ಧಾನ್ಯಕ್ಕೆ ಪಾಲಿತ್ತು. ಬಿಳಿ ಹಿಟ್ಟು ಬೇಕಾದಷ್ಟು ದೊರೆಯತೊಡಗಿದಾಗ ಕೆಂಪು ಹಿಟ್ಟು ಮನೆಗಳಿಂದ ಹಿಂದೆ ಸರಿಯಿತು. 2014ರಲ್ಲಿ ಪಿಂಗ್ಯಾವೊಗೆ ಅತಿವೇಗದ ರೈಲು ಬಂದ ಬಳಿಕ ಪ್ರವಾಸಿಗರಿಗೆ ಹಾದಿ ಇನ್ನಷ್ಟು ಸುಗಮವಾಯಿತು. ಹಿಂದೆ ಸರಿದ ಧಾನ್ಯಗಳು ಇಂದು ಹೋಟೆಲುಗಳ ಪಟ್ಟಿಯಲ್ಲಿ ವಿಶೇಷ ಭಕ್ಷ್ಯಗಳಾಗಿ, ಆರೋಗ್ಯಕರ ಆಹಾರವಾಗಿ ಮರಳಿವೆ.

ಮರಳಿದ್ದು ರುಚಿಯೇ ಹೊರತು ಅಗತ್ಯವಲ್ಲ ಎಂಬುದು ಗಮನಾರ್ಹ. ಕಲ್ಲಿನ ಮೇಲೆ ಹಿಟ್ಟು ಒತ್ತಿ ಬೆರಳಿಗೆ ಸುತ್ತುವ ಕೌಶಲವನ್ನು ಪೀಳಿಗೆಯಿಂದ ಪೀಳಿಗೆಗೆ ದಾಟಿಸಿದ್ದು ಮನೆಯ ದಿನನಿತ್ಯದ ಅಡುಗೆ. ಅದನ್ನು ಪಟ್ಟಿಗಳು, ಪೊಟ್ಟಣಗಳು ಮತ್ತು ಹೋಟೆಲುಗಳು ಎಷ್ಟರಮಟ್ಟಿಗೆ ಉಳಿಸಬಲ್ಲವು ಎಂಬುದು ಪಿಂಗ್ಯಾವೊದ ಮುಂದಿರುವ ಪ್ರಶ್ನೆ. ಜೋಳ, ನವಣೆಗಳನ್ನು ಸಿರಿಧಾನ್ಯವೆಂದು ಮತ್ತೆ ಅಡುಗೆಮನೆಗೆ ಕರೆತರುತ್ತಿರುವ ಕರ್ನಾಟಕಕ್ಕೂ ಈ ಪ್ರಶ್ನೆ ಹೊರತಲ್ಲ.