ಮಾಗಿಯ ಬೆಟ್ಟವೂ ನಮ್ಮ ಚಾರಣ ಸಂಘವೂ

"ಬೆಟ್ಟಕ್ಕೆ ಯಾಕೆ ಹೋಗ್ತೀಯೆ? ಸೌದೆಗೋ, ದನ ಹುಡುಕೋಕೋ?"

ಮೊದಲನೆಯ ಬಿ.ಎ. ತರಗತಿಯಲ್ಲಿದ್ದಾಗ, ಕಾಲೇಜಿನ ಚಾರಣ ಸಂಘಕ್ಕೆ ಸೇರುತ್ತೇನೆಂದು ಹೇಳಿದಾಗ ನಮ್ಮವ್ವ ಕೇಳಿದ ಪ್ರಶ್ನೆ ಇದು. ಎರಡಕ್ಕೂ ಅಲ್ಲವೆಂದೆ. "ಹಂಗಾದ್ರೆ ಹರಕೆ ಏನಾರ ಹೊತ್ತಿದೀಯಾ?" ಅದೂ ಇಲ್ಲ. "ಕೆಲಸ ಇಲ್ದೆ ಬೆಟ್ಟ ಹತ್ತೋರನ್ನ ನಾನು ಕಂಡಿಲ್ಲ ಕಣೆ" ಎಂದು ಅವಳು ಒಲೆಯ ಕಡೆಗೆ ತಿರುಗಿಬಿಟ್ಟಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಹುಡುಗಿಯಾಗಿದ್ದ ಕಾಲದಲ್ಲಿ ತಲೆಯ ಮೇಲೆ ಸೌದೆಹೊರೆ ಹೊತ್ತು ಬೆಟ್ಟ ಇಳಿದವಳು ಅವಳು. ಅಂಥವಳಿಗೆ ಬೆಟ್ಟವನ್ನು ಸುಮ್ಮನೆ ನೋಡಲು ಹತ್ತುವುದು ವಿಚಿತ್ರವಾಗಿ ಕಂಡುದರಲ್ಲಿ ಆಶ್ಚರ್ಯವೇನು? ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮೂರು ಮಾಗಿಗಳನ್ನು ಸಂಘದೊಡನೆ ಕಳೆದ ಮೇಲೆ ಅಷ್ಟಿಷ್ಟು ಉತ್ತರ ಕೂಡಿಬಂದಿದೆ. "ನಿಮ್ಮ ಸಂಘದಲ್ಲಿ ಏನು ಮಾಡುತ್ತೀರಿ?" ಎಂದು ಕೇಳುವ ಸಹಪಾಠಿಗಳೂ ಕಡಮೆಯಿಲ್ಲ. ಎಲ್ಲರಿಗೂ ಒಟ್ಟಿಗೇ ಹೇಳಿಬಿಡೋಣವೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ.

ಕಾಲೇಜಿನ ವರ್ಷ ಯಾವಾಗಲೇ ಮೊದಲಾಗಲಿ, ನಮ್ಮ ಸಂಘದ ವರ್ಷ ಮೊದಲಾಗುವುದು ಕಾರ್ತಿಕ ಕಳೆದ ಮೇಲೆಯೇ. ಇದಕ್ಕೆ ಕಾರಣ ಸೋಮಾರಿತನವಲ್ಲ. ನಮ್ಮ ತುಮಕೂರು ಜಿಲ್ಲೆಯಂಥ ಬಯಲುಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳೇ ಹೆಚ್ಚಿನ ಮಳೆಯ ಕಾಲ. ಹಿಂಗಾರು ನವೆಂಬರಿನವರೆಗೂ ಎಳೆಯುವುದುಂಟು. ಆಗ ಬಂಡೆಗಳ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲದು. ಮಾರ್ಚಿ ಬಂತೆಂದರೆ ಅದೇ ಬಂಡೆ ಕಾದ ಹಂಚಾಗುತ್ತದೆ. ಇವೆರಡರ ನಡುವೆ ಉಳಿಯುವುದು ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಮಾಗಿ. ಪರೀಕ್ಷೆಗಳೂ ಇದೇ ಕಾಲವನ್ನು ಹುಡುಕಿಕೊಂಡು ಬರುವುದು ನಮ್ಮ ದುರದೃಷ್ಟ. ಆ ವಿಚಾರ ಇಲ್ಲಿ ಬೇಡ.

ಮಾಗಿಯ ಬೆಳಗಿನಲ್ಲಿ ದೇವರಾಯನದುರ್ಗವನ್ನು ಹತ್ತಿದವರು ಒಂದು ಸೋಜಿಗವನ್ನು ಕಂಡಿರಬಹುದು. ಸುಮಾರು 1,200 ಮೀಟರ್ ಎತ್ತರದ ಈ ದುರ್ಗಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಂದ ಈ ಹೆಸರು ಬಂದಿದೆ. ಬೆಟ್ಟದ ಮೇಲೆ ಚಳಿ ಹೆಚ್ಚೆಂದು ಹೆದರಿ ಎರಡೆರಡು ಸ್ವೆಟರು ತೊಟ್ಟು ಹೊರಟವರಿಗೆ ಕೆಲವು ದಿನ ಬುಡದಲ್ಲಿಯೇ ನಡುಕ ಹೆಚ್ಚು, ನೆತ್ತಿಯಲ್ಲಿ ಕಡಮೆ! ಎತ್ತರಕ್ಕೆ ಹೋದಂತೆಲ್ಲ, ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಗಾಳಿ ತಣ್ಣಗಾಗುತ್ತದೆಂದು ಪಾಠದಲ್ಲಿ ಓದಿರುತ್ತೇವೆ. ಹೀಗಿರಲು ಇದು ಹೇಗೆ? ನಮ್ಮೊಡನೆ ಬರುವ ಭೂಗೋಳದ ಅಧ್ಯಾಪಕರು ಬಂಡೆಯ ಮೇಲೆ ಕುಳಿತೇ ಇದನ್ನು ವಿವರಿಸಿದರು. ಮಾಗಿಯ ರಾತ್ರಿಯಲ್ಲಿ ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ, ಇಳಿಜಾರಿನಲ್ಲಿ ನೀರಿನಂತೆ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಅದರಲ್ಲಿರುವ ತೇವವೇ ಮಂಜು. ಮೇಲಿರುವ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತು ಆ ಮಂಜನ್ನು ಏಳಗೊಡುವುದಿಲ್ಲ. ನೆತ್ತಿಯಿಂದ ಕಾಣುವ ಹಾಲಿನ ಕಡಲು ಇದೇ. ಬಿಸಿಲೇರಿ ನೆಲ ಕಾದಾಗ ಮುಚ್ಚಳ ಒಡೆಯುತ್ತದೆ. ಒಂಬತ್ತು ಗಂಟೆಯ ವೇಳೆಗೆ ಕಡಲೂ ಇಲ್ಲ, ಹಾಲೂ ಇಲ್ಲ, ಕೆಳಗೆ ಅಡಿಕೆ ತೋಟ, ಬಸ್ಸಿನ ರಸ್ತೆ. ಈ ಪಾಠವನ್ನು ನಾನು ಪರೀಕ್ಷೆಗೆಂದು ಮತ್ತೆ ಓದಬೇಕಾಗಲಿಲ್ಲ.

ಮಾಗಿಗೆ ಅದರದೇ ತೊಡಕುಗಳೂ ಇವೆ. ಡಿಸೆಂಬರ್ ಕೊನೆಯಲ್ಲಿ ನಮ್ಮ ಕಡೆ ಹಗಲು ಸುಮಾರು 11 ಗಂಟೆ 20 ನಿಮಿಷವಷ್ಟೆ. ಸಂಜೆ ಆರಕ್ಕೆ ಸೂರ್ಯ ಮುಳುಗಿದರೆ ಬಹಳ ಹೊತ್ತು ಬೆಳಕು ನಿಲ್ಲುವುದಿಲ್ಲ. ನಮ್ಮ ಕಾಡುಗಳಲ್ಲಿ ಚಿರತೆ ಕರಡಿಗಳಿವೆ. ಆದುದರಿಂದ ಮಧ್ಯಾಹ್ನ ಎರಡಾಯಿತೆಂದರೆ, ನೆತ್ತಿ ಕೂಗಳತೆಯಲ್ಲಿದ್ದರೂ, ಇಳಿಯತೊಡಗಬೇಕೆಂಬುದು ಸಂಘದ ಕಟ್ಟಳೆ. ಇನ್ನೊಂದು ತೊಡಕು ನೀರಿನದು. ಚಳಿಯಲ್ಲಿ ಬಾಯಾರುವುದಿಲ್ಲ, ಬಾಯಾರದವರು ಕುಡಿಯುವುದಿಲ್ಲ, ಕುಡಿಯದವರಿಗೆ ಹನ್ನೊಂದರ ಬಿಸಿಲಿನಲ್ಲಿ ತಲೆನೋವು, ಮೀನಖಂಡದಲ್ಲಿ ಸೆಳೆತ. ಹೊಸಬರು ಮರೆಯುವುದು ಇದನ್ನೇ.

ಸಂಘವೆಂದೊಡನೆ ಕೋಣೆ, ಬೋರ್ಡು, ಬೀರು ಎಂದೆಲ್ಲ ಎಣಿಸಬೇಡಿ. ನಮ್ಮ ಆಸ್ತಿಯೆಂದರೆ ಎರಡು ಹಗ್ಗ, ಒಂದು ಔಷಧದ ಪೆಟ್ಟಿಗೆ, ಒಂದು ದೊಡ್ಡ ಪಾತ್ರೆ, ಹೆಸರು ಬರೆಯುವ ಒಂದು ನೋಟುಪುಸ್ತಕ. ಶುಕ್ರವಾರ ತರಗತಿ ಮುಗಿದ ಮೇಲೆ ಹೊಂಗೆಮರದ ಕೆಳಗೆ ಸಭೆ; ಭಾನುವಾರ ಬೆಳಗಿನ ಮೊದಲ ಬಸ್ಸು. ಬಸ್ಸಿನ ವೆಚ್ಚವನ್ನು ಹಂಚಿಕೊಳ್ಳುವುದು ರೂಢಿ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದಂದಿನಿಂದ ಹುಡುಗರು ಮಾತ್ರ ಹಂಚಿಕೊಳ್ಳುತ್ತಾರೆ. ಇದರ ಬಗ್ಗೆ ಅವರು ಪ್ರತಿ ಭಾನುವಾರವೂ ತಪ್ಪದೆ ಗೊಣಗುತ್ತಾರೆ. ಆದರೆ ಬಸ್ಸಿನ ಹಣ ಕೇಳಬೇಕಾಗಿಲ್ಲವೆಂಬ ಒಂದೇ ಕಾರಣದಿಂದ ಮನೆಯಲ್ಲಿ ಒಪ್ಪಿಗೆ ಪಡೆದ ಹುಡುಗಿಯರು ನಮ್ಮಲ್ಲಿ ಕೆಲವರಿದ್ದಾರೆ. ನಾನು ಅವರಲ್ಲೊಬ್ಬಳು.

ನನ್ನ ಮೊದಲನೆಯ ನಡಿಗೆ ಸುಖಕರವಾಗಿರಲಿಲ್ಲ. ದೇವರಾಯನದುರ್ಗದ ತಪ್ಪಲಿನ ಕಾಡುದಾರಿ. ಕಾಲಿನಲ್ಲಿ ಕಾಲೇಜಿಗೆ ಹಾಕುವ ಚಪ್ಪಲಿಯೇ, ಬೇರೆ ಇರಲಿಲ್ಲ. ಮುಂದಿದ್ದವರು ಉತ್ಸಾಹಶಾಲಿಗಳು. ಅವರು ನಿಂತು ದಣಿವಾರಿಸಿಕೊಂಡು, ನಾನು ಏದುಸಿರುಬಿಡುತ್ತ ಅವರನ್ನು ಮುಟ್ಟುವ ಹೊತ್ತಿಗೆ "ಸರಿ, ಹೊರಡೋಣ" ಎಂದು ಎದ್ದುಬಿಡುತ್ತಿದ್ದರು. ಯಾರು ಹೆಚ್ಚು ದಣಿದಿದ್ದರೋ ಅವರಿಗೇ ವಿಶ್ರಾಂತಿಯಿಲ್ಲ! ಮೂರನೆಯ ಸಲ ನಾನು ಮುಟ್ಟುವ ಮೊದಲೇ ಹೊರಟುಹೋದರು. ಚಪ್ಪಲಿಯ ಬಾರು ಕಿತ್ತಿತ್ತು. ದಾರಿ ಎರಡಾಗಿ ಒಡೆದಲ್ಲಿ ಮಂಜು ದಟ್ಟವಾಗಿತ್ತು. ನಾನು ಹಿಡಿದದ್ದು ದನಗಳ ದಾರಿ. ಕೂಗಿದೆ. ಮಂಜಿನಲ್ಲಿ ದನಿ ಎತ್ತಲಿಂದ ಬಂತೆಂದು ತಿಳಿಯುವುದೂ ಕಷ್ಟ. ಒಂದು ಗಂಟೆಗೂ ಮೇಲೆ ಒಬ್ಬಳೇ ಒಂದು ಕಲ್ಲಿನ ಮೇಲೆ ಕುಳಿತಿದ್ದೆ. ಕೊನೆಗೆ ಕಂಡದ್ದು ಸಂಘದವರಲ್ಲ, ಕುರಿ ಮೇಯಿಸುವ ಒಬ್ಬ ತಾತ. ಅವರು ನನ್ನನ್ನು ರಸ್ತೆಗೆ ಮುಟ್ಟಿಸಿದರು. ಬುತ್ತಿ ಬಿಚ್ಚುವಾಗ ಎಣಿಸಿ ನೋಡಿದ ಮೇಲೆಯೇ ನಾನಿಲ್ಲದ್ದು ಸಂಘಕ್ಕೆ ತಿಳಿದದ್ದು.

ಆ ಸಂಜೆ ಮನೆಯಲ್ಲಿ ನಾನು ಏನನ್ನೂ ಹೇಳಲಿಲ್ಲ. ಹೇಳಿದ್ದರೆ ಸಂಘವೂ ಮುಗಿಯುತ್ತಿತ್ತು, ಕಾಲೇಜೂ ಮುಗಿಯುತ್ತಿತ್ತೋ ಏನೋ. ಆದರೆ ಶುಕ್ರವಾರದ ಸಭೆಯಲ್ಲಿ ಎದ್ದು ಹೇಳಿದೆ. ದನಿ ನಡುಗುತ್ತಿತ್ತು. ಕೆಲವರು "ನಿಧಾನಸ್ಥರು ಬರಬಾರದು" ಎಂದರು. ಅಂತಿಮ ವರ್ಷದ ಒಬ್ಬ ಅಕ್ಕ ಮಾತ್ರ, "ನಿಧಾನಸ್ಥರು ಬರದಿದ್ದರೆ ಸಂಘವೇಕೆ? ವೇಗವಾಗಿ ನಡೆಯುವವನಿಗೆ ಜೊತೆ ಬೇಕಿಲ್ಲ, ಅವನು ಒಬ್ಬನೇ ಹೋಗಲಿ" ಎಂದರು. ವಾದ ಬಹಳ ಹೊತ್ತು ನಡೆಯಿತು. ಅಂದು ಹುಟ್ಟಿದ ಹುದ್ದೆಯೇ 'ಬಾಲಂಗೋಚಿ'.

ಗಾಳಿಪಟಕ್ಕೆ ಬಾಲಂಗೋಚಿಯಿಲ್ಲದಿದ್ದರೆ ಅದು ಗಿರಗಿರನೆ ಸುತ್ತಿ ನೆಲ ಕಚ್ಚುವುದನ್ನು ನೋಡಿದ್ದೀರಷ್ಟೆ. ಹೆಸರು ತಮಾಷೆಗೆ ಬಂತು, ನಿಂತುಬಿಟ್ಟಿತು. ಬಾಲಂಗೋಚಿಯ ಹಿಂದೆ ಯಾರೂ ಇರಕೂಡದು. ಕೊನೆಯವನು ಕುಳಿತರೆ ಅವನೂ ಕುಳಿತುಕೊಳ್ಳಬೇಕು. ಔಷಧದ ಪೆಟ್ಟಿಗೆ ಅವನ ಹೆಗಲಿನಲ್ಲಿ. ಮೊದಲು ಈ ಕೆಲಸವನ್ನು ಯಾರಾದರೂ ಮೆಲ್ಲಗೆ ನಡೆಯುವವರಿಗೇ ಕಟ್ಟುತ್ತಿದ್ದೆವು. ಅದು ತಪ್ಪೆಂದು ಬೇಗ ತಿಳಿಯಿತು. ಹಿಂದುಳಿದವರ ಚೀಲ ಹೊರಬೇಕಾಗಬಹುದು, ಸುದ್ದಿ ಮುಟ್ಟಿಸಲು ಮುಂದಕ್ಕೆ ಓಡಿ ಮತ್ತೆ ಹಿಂದಕ್ಕೆ ಬರಬೇಕಾಗಬಹುದು. ಆದುದರಿಂದ ತಂಡದಲ್ಲಿ ಎಲ್ಲರಿಗಿಂತ ಗಟ್ಟಿಗರೇ ಹಿಂದಿರಬೇಕು. ಮುಂದೆ ನಡೆಯುವವರು ಮೆಲ್ಲಗೆ ನಡೆಯುವವರಾದಷ್ಟೂ ಒಳ್ಳೆಯದು, ಸಾಲು ಹರಿಯುವುದಿಲ್ಲ. ಕೊನೆಯವನು ಬಂದು ಸೇರಿದ ಮೇಲೆ ಐದು ನಿಮಿಷ ಕಳೆಯದೆ ಯಾರೂ ಏಳುವಂತಿಲ್ಲ. ಕವಲುದಾರಿ ಬಂದಲ್ಲೆಲ್ಲ ನಿಂತು ಎಣಿಕೆ. ಕೇಳಲು ಸಣ್ಣ ಸಂಗತಿಗಳು. ಇವಿಷ್ಟು ಜಾರಿಗೆ ಬಂದ ಮೇಲೆ ನಮ್ಮಲ್ಲಿ ಯಾರೂ ತಪ್ಪಿಸಿಕೊಂಡಿಲ್ಲ.

ಇನ್ನು ಬುತ್ತಿಯ ವಿಚಾರ. ಇದನ್ನು ಬರೆಯಲು ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ. ಮಾಗಿಯೆಂದರೆ ಅವರೆಕಾಯಿಯ ಸೊಗಡಿನ ಕಾಲ. ಒಬ್ಬರ ಡಬ್ಬಿಯಲ್ಲಿ ಅವರೆಕಾಳಿನ ಉಪ್ಪಿಟ್ಟು, ಇನ್ನೊಬ್ಬರದರಲ್ಲಿ ಚಿತ್ರಾನ್ನ, ಮತ್ತೊಬ್ಬರದರಲ್ಲಿ ಮೊಸರನ್ನ. ನನ್ನದು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ. ಮೊದಲ ಸಲ ನಾನು ಡಬ್ಬಿಯ ಮುಚ್ಚಳವನ್ನು ಅರ್ಧವೇ ತೆರೆದು ಬಂಡೆಯ ಮರೆಯಲ್ಲಿ ಕುಳಿತಿದ್ದೆ. ನನ್ನಂತೆಯೇ ಮರೆ ಹುಡುಕಿದವರು ಇನ್ನೂ ಇಬ್ಬರಿದ್ದರು. ಅವರ ಕಾರಣಗಳು ಬೇರೆ. ಯಾರ ಮನೆಯ ಅನ್ನವನ್ನು ಯಾರು ತಿನ್ನಬಹುದೆಂಬ ಲೆಕ್ಕ ನಮ್ಮ ಊರುಗಳಲ್ಲಿ ಇನ್ನೂ ಅಳಿಸಿಲ್ಲ. ಕಾಲೇಜಿಗೆ ಬಂದೊಡನೆ ಅದು ತಾನಾಗಿ ಅಳಿಸುವುದೂ ಇಲ್ಲ. ಬೆಟ್ಟದ ಮೇಲೆ ಅದನ್ನು ಯಾರೂ ಭಾಷಣ ಮಾಡಿ ಅಳಿಸಲಿಲ್ಲ. ಮುತ್ತುಗದ ಎಲೆಗಳನ್ನು ಹಾಸಿ, ಬಂದ ಬುತ್ತಿಯನ್ನೆಲ್ಲ ನಡುವೆ ಸುರಿದು, ಹಸಿದವರು ಕೈಹಾಕುವುದೆಂದು ಆಯಿತು, ಅಷ್ಟೆ. ಮೂರು ಗಂಟೆ ಹತ್ತಿದ ಹೊಟ್ಟೆ ಬಹಳ ಪ್ರಶ್ನೆ ಕೇಳುವುದಿಲ್ಲ. ನನ್ನ ಹುಚ್ಚೆಳ್ಳು ಚಟ್ನಿ ಎಲ್ಲಕ್ಕಿಂತ ಮೊದಲು ಮುಗಿದುದನ್ನು ಇಲ್ಲಿ ದಾಖಲಿಸಿದರೆ ಆತ್ಮಪ್ರಶಂಸೆಯಾಗದೆಂದು ನಂಬುತ್ತೇನೆ. ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾರೆ. ಒಬ್ಬಾತ ಇಂದಿಗೂ ತನ್ನ ಡಬ್ಬಿಯಿಂದಲೇ ತಿನ್ನುತ್ತಾನೆ. ಅವನನ್ನು ಯಾರೂ ಬಲವಂತ ಮಾಡುವುದಿಲ್ಲ; ಆದರೆ ಈಗ ವೃತ್ತದೊಳಗೇ ಕುಳಿತು ತಿನ್ನುತ್ತಾನೆ.

ವರ್ಷಕ್ಕೊಮ್ಮೆ, ಸಂಕ್ರಾಂತಿಯ ಆಸುಪಾಸಿನಲ್ಲಿ, ಒಂದು ರಾತ್ರಿಯ ತಂಗುವಿಕೆಯೂ ಉಂಟು. ಒಪ್ಪಿಗೆ ಪಡೆದು ಬೆಟ್ಟದ ತಪ್ಪಲಿನ ಯಾವುದಾದರೊಂದು ಹಳ್ಳಿಶಾಲೆಯಲ್ಲಿ ಮಲಗುತ್ತೇವೆ. ಇದು ನಮ್ಮ ಕಲ್ಪನೆಯಲ್ಲ. 1909ರ ಆಗಸ್ಟಿನಲ್ಲಿ ಜರ್ಮನಿಯ ಶಾಲಾ ಉಪಾಧ್ಯಾಯ ರಿಚರ್ಡ್ ಶಿರ್‌ಮನ್ ತನ್ನ ವಿದ್ಯಾರ್ಥಿಗಳೊಡನೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಾಗ ಗುಡುಗುಮಳೆಗೆ ಸಿಕ್ಕಿ ಒಂದು ಹಳ್ಳಿಶಾಲೆಯಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಬರಿದಾಗಿರುವ ಶಾಲೆಗಳೆಲ್ಲ ನಡೆದುಬರುವ ಮಕ್ಕಳಿಗೆ ತಂಗುದಾಣವಾಗಬಾರದೇಕೆ ಎಂದು ಆತನಿಗೆ ಹೊಳೆಯಿತು. 1912ರಲ್ಲಿ ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ಆತ ತೆರೆದ ವಸತಿಯಿಂದಲೇ ಜಗತ್ತಿನ ಯೂತ್ ಹಾಸ್ಟೆಲುಗಳ ಚಳವಳಿ ಬೆಳೆಯಿತು. ಬಡ ಕಾರ್ಖಾನೆ ಊರುಗಳ ಮಕ್ಕಳಿಗೂ ಬೆಟ್ಟ ದೊರೆಯಲಿ ಎಂಬುದು ಆತನ ಹಂಬಲ. ನೆಲದ ಮೇಲೆ ಚಾಪೆ ಹಾಸಿ, ಸಾಲಾಗಿ ಮಲಗಿ, ಒಬ್ಬರ ಕಂಬಳಿಯನ್ನು ಇನ್ನೊಬ್ಬರು ಎಳೆದುಕೊಳ್ಳುತ್ತ ಆ ಉಪಾಧ್ಯಾಯನನ್ನು ನಾನು ನೆನೆದದ್ದುಂಟು.

ಆ ರಾತ್ರಿ ಎಲ್ಲರೂ ಬಯಸುವುದು ಬೆಂಕಿ. ಬೆಟ್ಟದ ಮೇಲೆ ನಾವು ಒಂದು ಕಡ್ಡಿಯನ್ನೂ ಗೀರುವುದಿಲ್ಲ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಮಾಗಿಯಲ್ಲಿ ಒಣಗಿ ನಿಂತಿರುತ್ತದೆ. ಒಂದು ಕಿಡಿ ಬಿದ್ದರೆ ಗಾಳಿಯೊಡನೆ ಅದು ಓಡುವ ವೇಗಕ್ಕೆ ಮನುಷ್ಯ ಸಾಟಿಯಲ್ಲ. ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುವಲ್ಲಿ ಹೊಗೆಯೂ ಅಪಾಯ. ಶಾಲೆಯ ಅಂಗಳದಲ್ಲಿ ಮಾತ್ರ, ಹಳ್ಳಿಯವರು ಒಪ್ಪಿದರೆ, ಸಣ್ಣ ಉರಿ. ಅದರ ಸುತ್ತ ಹಾಡು, ಹರಟೆ, ಸುಟ್ಟ ಗೆಣಸು. ಇಷ್ಟು ಕಟ್ಟುನಿಟ್ಟು ಏಕೆ ಎನ್ನುವವರಿಗೆ ಕುಮಾರಪರ್ವತದ ಉದಾಹರಣೆ ಸಾಕು. 1,712 ಮೀಟರ್ ಎತ್ತರದ ಆ ಶಿಖರಕ್ಕೆ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಜಾತ್ರೆಯಂತೆ ಜನ ನುಗ್ಗಿದರು. ಆ ತಿಂಗಳ ಕೊನೆಯಲ್ಲಿಯೇ ಸರ್ಕಾರ ಅಲ್ಲಿನ ಚಾರಣವನ್ನು ನಿಲ್ಲಿಸಿ, ಅಂತರ್ಜಾಲದಲ್ಲಿ ಮುಂಗಡ ಹೆಸರು ನೋಂದಾಯಿಸುವ ಏರ್ಪಾಟನ್ನು ತರಬೇಕಾಯಿತು. ಜನ ಬೆಟ್ಟಕ್ಕೆ ಬರುವುದು ಕೆಟ್ಟದ್ದಲ್ಲ. ಯಾರೂ ಯಾರನ್ನೂ ಎಣಿಸದೆ ಬರುವುದು ಕೆಟ್ಟದ್ದು.

ಕಳೆದ ಮಾಗಿಯಲ್ಲಿ ಮಧುಗಿರಿಗೆ ಹೋದೆವು. ಒಂದೇ ಮಹಾಬಂಡೆಯ ಮೇಲೆ ಕೋಟೆ ಹೊತ್ತ ಬೆಟ್ಟ. ಮೇಲಿನ ಭಾಗ ಬಹಳ ಕಡಿದು. ಬಂಡೆಯಲ್ಲಿ ಕೊರೆದ ಗುಳಿಗಳಲ್ಲಿ ಹೆಜ್ಜೆಯಿಟ್ಟು ಹತ್ತಬೇಕು. ಅಂದು ಇಬ್ಬನಿ ಇನ್ನೂ ಆರಿರಲಿಲ್ಲ. ಮುಕ್ಕಾಲು ಪಾಲು ಏರಿದ ಮೇಲೆ ಮೊದಲ ವರ್ಷದ ಒಬ್ಬ ತಮ್ಮನ ಕಾಲು ಜಾರಿ ಮಂಡಿ ಉಳುಕಿತು. ಅದಕ್ಕಿಂತ ಹೆಚ್ಚಾಗಿ ಧೈರ್ಯ ಹೋಯಿತು. ಅಂದು ನಾನೇ ಬಾಲಂಗೋಚಿ. ಇಬ್ಬರು ಅವನೊಡನೆ ಇರಲಿ, ಉಳಿದವರು ನೆತ್ತಿಗೆ ಹೋಗಿಬರೋಣವೆಂದು ಮುಂದಿನವರು ಹೇಳಿದರು. ಕೆಳಗಿಳಿಸಲು ಹಗ್ಗಕ್ಕೆ ಹೆಚ್ಚು ಕೈಗಳು ಬೇಕು, ಎಲ್ಲರೂ ಇಳಿಯಬೇಕು ಎಂದೆ. ನಾರ್ವೆ ದೇಶದಲ್ಲಿ 1967ರ ಈಸ್ಟರ್ ರಜೆಯಲ್ಲಿ ಹಿಮಬೆಟ್ಟಗಳಲ್ಲಿ ಅನೇಕರು ಪ್ರಾಣ ಕಳೆದುಕೊಂಡ ಮೇಲೆ ಅಲ್ಲಿನ ರೆಡ್‌ಕ್ರಾಸ್ ಮತ್ತು ಚಾರಣ ಸಂಘಗಳು ಮನೆಮನೆಗೂ ಮುಟ್ಟಿಸಿದ ನಿಯಮಗಳಲ್ಲಿ ಒಂದು, ಸಕಾಲದಲ್ಲಿ ಹಿಂದಿರುಗುವುದು ಅವಮಾನವಲ್ಲ ಎಂಬುದು. ಅದನ್ನೂ ಹೇಳಿದೆ. "ಇದು ನಾರ್ವೆಯಲ್ಲ, ಮಧುಗಿರಿ" ಎಂದು ಒಬ್ಬ ನಕ್ಕ. ಕೊನೆಗೆ ಎಲ್ಲರೂ ಇಳಿದೆವು, ಮುಖ ಗಂಟಿಕ್ಕಿಕೊಂಡೇ. ಇಬ್ಬರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ಮಧುಗಿರಿಯ ನೆತ್ತಿಯನ್ನು ನಾನು ಇಂದಿಗೂ ಕಂಡಿಲ್ಲ; ಬಿ.ಎ. ಮುಗಿಯುವುದರೊಳಗೆ ಕಾಣುತ್ತೇನೆಂಬ ಭರವಸೆಯೂ ಇಲ್ಲ.

ಅಂದು ಮನೆಗೆ ಬಂದಾಗ ಅವ್ವ ಮುಖ ನೋಡಿಯೇ ಏನೋ ಆಗಿದೆಯೆಂದು ತಿಳಿದುಕೊಂಡಳು. ಈ ಸಲ ಎಲ್ಲವನ್ನೂ ಹೇಳಿದೆ, ಮೊದಲ ವರ್ಷದ ಮಂಜಿನ ಕಥೆಯನ್ನೂ ಸೇರಿಸಿ. ಬಯ್ಯುತ್ತಾಳೆಂದುಕೊಂಡಿದ್ದೆ. ಅವಳು ಕೇಳಿದ್ದು, "ಎಲ್ಲಾರೂ ಇಳಿದ್ರಾ?"

ಇಳಿದರೆಂದೆ.

"ನಮ್ದೂ ಹಂಗೇ" ಎಂದಳು. "ಸೌದೆ ಹೊರೆ ತಲೆ ಮೇಲಿಡೋಕೆ ಇನ್ನೊಬ್ರ ಕೈ ಬೇಕು. ಎಲ್ಲಾರ್ಗೂ ಎತ್ತಿಕೊಟ್ಟ ಮೇಲೆ ಕೊನೆಯೋಳಿಗೆ ಯಾರು? ಅದಕ್ಕೇ ಗಟ್ಟಿಗಿತ್ತಿಯೇ ಕೊನೆಗೆ ನಿಲ್ಲೋಳು. ಎದೆಮಟ್ಟದ ಬಂಡೆ ಮೇಲೆ ಹೊರೆ ಇಟ್ಕಂಡು, ತಾನೇ ತಲೆ ಕೊಟ್ಟು ಎತ್ಕಳೋಳು."

"ನೀನು ಎಲ್ಲಿರ್ತಿದ್ದೆ?"

"ನಾನು ಬಾಳ ಸಲ ಕೊನೆಗೇ" ಎಂದು ಹೇಳಿ ಅವಳು ಹಿಟ್ಟು ನಾದತೊಡಗಿದಳು.

ಅದರ ಮುಂದಿನ ಭಾನುವಾರ ಶಿವಗಂಗೆಗೆ ಹೊರಟಾಗ ನನ್ನ ಡಬ್ಬಿಯಲ್ಲಿ ಎಂದಿಗಿಂತ ಎರಡು ರೊಟ್ಟಿ ಹೆಚ್ಚಾಗಿದ್ದವು.